ಹದಿನಾಲ್ಕನೇ ನಂಬರಿನ ಸೇವೆ

ಜೂನ್ 2, ಸೋಮವಾರ

ಹಲ್ಲಿನ ಸಾಮಾನು ಮಾರುವ ಕಂಪನಿಯವರು ವರ್ಷದ ಆರಂಭದಲ್ಲಿ ಕೊಟ್ಟ ಡೈರಿ ಇದು. ಐದು ತಿಂಗಳು, ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನ ಮೇಜಿನ ಮೇಲೆ ಮೇಣದ ಡಬ್ಬಿಯ ಕೆಳಗೆ ಬಿದ್ದಿತ್ತು. ಇವತ್ತು ಎತ್ತಿಕೊಂಡೆ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನ್ನ ತಲೆ ಕೆಡುತ್ತದೆ, ಹೇಳಿಕೊಂಡರೆ ಕೇಳಿದವರ ತಲೆ ಕೆಡುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ. ಪ್ಲಾಸ್ಟರಿನ ಅಚ್ಚು ಗಟ್ಟಿಯಾಗಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಬರೆಯಬಹುದು.

ವಿಷಯ ಅಪ್ಪನದು. ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸಿದವರು, ಒಂದೇ ಒಂದು ಅಪಘಾತವಿಲ್ಲ. ನಿವೃತ್ತರಾಗಿ ಹನ್ನೆರಡು ವರ್ಷ ಆಯಿತು. ಆ ಹನ್ನೆರಡು ವರ್ಷ ಮಾತ್ರ ಅವರ ತಲೆಯಿಂದ ಅಳಿಸಿಹೋಗಿದೆ. ಕಳೆದ ಚಳಿಗಾಲದಲ್ಲಿ ಎರಡು ಸಲ ಡಿಪೋ ಹುಡುಕಿಕೊಂಡು ಮನೆಯಿಂದ ಹೊರಟುಬಿಟ್ಟರು. ಎರಡನೆಯ ಸಲ ಸಿಕ್ಕಿದ್ದು ದೊಡ್ಡ ರಸ್ತೆಯ ನಡುವೆ, ಲಾರಿಗಳ ಮಧ್ಯೆ, ಬರಿಗಾಲಿನಲ್ಲಿ.

ಆಮೇಲೆ ನನ್ನ ತಮ್ಮ ಒಂದು ಟ್ಯಾಬ್ ತಂದು ಅದರಲ್ಲಿ ಬಸ್ ಓಡಿಸುವ ಆಟ ಹಾಕಿಕೊಟ್ಟ. "ಪೂರ್ತಿ ದುಡ್ಡು ಕೊಟ್ಟು ತಗೊಂಡಿದೀನಿ ಅಕ್ಕ. ಇನ್ನೊಂದು ಪೈಸೆ ಕೊಡೋ ಹಾಗಿಲ್ಲ. ಜೀವನಪರ್ಯಂತ ಅಂತ ಅದ್ರಲ್ಲೇ ಬರೆದಿದೆ" ಎಂದ. ಯಾರ ಜೀವನ ಎಂದು ನಾನು ಕೇಳಲಿಲ್ಲ.

ಅವತ್ತಿನಿಂದ ಅಪ್ಪ ಹೊಸಿಲು ದಾಟಿಲ್ಲ. ಬೆಳಿಗ್ಗೆ ಎಂಟೂವರೆಗೆ ಹಳೆಯ ಖಾಕಿ ಅಂಗಿ ಹಾಕಿಕೊಂಡು ಊಟದ ಮೇಜಿನ ಮುಂದೆ ಕೂರುತ್ತಾರೆ. ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುತ್ತಾರೆ, ಬಸ್ಸೂ ತಿರುಗುತ್ತದೆ. ಎದುರಿನ ಗೋಡೆಯಲ್ಲಿ, ಅವರ ನಿವೃತ್ತಿಯ ದಿನ ಡಿಪೋದವರೇ ಕೊಟ್ಟ ಗಡಿಯಾರ. ಅದನ್ನು ನೋಡಿಕೊಂಡೇ ಸ್ಟಾಪಿನಿಂದ ಸ್ಟಾಪಿಗೆ ಹೋಗುತ್ತಾರೆ. ನಾನು ಲ್ಯಾಬಿಗೆ ಬಂದ ಮೇಲೆ ಪಕ್ಕದ ಮನೆಯ ಟೀಚರಮ್ಮ ಗಂಟೆಗೊಮ್ಮೆ ಇಣುಕಿ ನೋಡುತ್ತಾರೆ. "ನಿಮ್ಮಪ್ಪ ಆಗ್ಲೇ ಎರಡು ಟ್ರಿಪ್ ಮುಗಿಸಿದ್ರು" ಎಂದು ಫೋನ್ ಮಾಡುತ್ತಾರೆ.

ನನಗಂತೂ ಈ ನಾಟಕ ನೋಡಿದರೆ ಮೈ ಉರಿಯುತ್ತದೆ. ಕೋಪ ನನಗೆ ಮೂಗಿನ ತುದಿಯಲ್ಲೇ. ಮನೆಯಲ್ಲಿ ನನ್ನ ಹೆಸರೇ ಸಿಡುಕಿ. ತಿಂಡಿ ಮುಂದಿಟ್ಟರೆ "ಸ್ಟ್ಯಾಂಡ್ ಬರ್ಲಿ, ತಿಂತೀನಿ" ಎನ್ನುವ ಮನುಷ್ಯನ ಜೊತೆ ಏನು ಮಾತಾಡುವುದು?

ಅಚ್ಚು ಗಟ್ಟಿಯಾಯಿತು.

ಜೂನ್ 5, ಗುರುವಾರ

ಬೆಳಿಗ್ಗೆ ಬಸ್ ಅರ್ಧ ದಾರಿಯಲ್ಲಿ ನಿಂತಿತು. ತೆರೆಯ ಮೇಲೆ "ಡೀಸೆಲ್ ಖಾಲಿ. ನಾಲ್ಕು ಗಂಟೆ ಕಾಯಿರಿ ಅಥವಾ ನಾಣ್ಯ ಕೊಳ್ಳಿ" ಎಂದು ಬಂತು. ಇಷ್ಟು ದಿನ ಡೀಸೆಲ್ ಎಂಬುದೇ ಇರಲಿಲ್ಲ. ರಾತ್ರಿ ಆಟ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ ಹೊಸದಾಗಿದೆಯಂತೆ. ಆರು ಸ್ಟಾಪಿಗೆ ಒಂದು ಟ್ಯಾಂಕ್.

ಅಪ್ಪ ಗಾಬರಿಯಾದರು. "ಡಿಪೋದಿಂದ ಟ್ಯಾಂಕ್ ತುಂಬಿಸ್ದೆ ಯಾವತ್ತೂ ಗಾಡಿ ತೆಗ್ದಿಲ್ಲ ನಾನು. ಜನ ಎಲ್ಲ ಇಳೀತಿದಾರೆ ನೋಡು."

ತಮ್ಮನಿಗೆ ಫೋನ್ ಮಾಡಿ ಕೂಗಾಡಿದೆ. "ಜೀವನಪರ್ಯಂತ ಅಂದ್ಯಲ್ಲೋ!"

"ಆಟ ಜೀವನಪರ್ಯಂತನೇ ಅಕ್ಕ. ಡೀಸೆಲ್ ಬೇರೆ."

ನಾವೂ ಹಲ್ಲಿನ ಸೆಟ್ ಮಾಡಿಕೊಡುತ್ತೇವೆ. ಬಾಯಿಗೆ ಕೂರಿಸಿ ಕಳಿಸಿದ ಮೇಲೆ, ದಿನಕ್ಕೆ ಆರು ತುತ್ತು ಮಾತ್ರ ಅಗಿಯಬಹುದು, ಏಳನೆಯದಕ್ಕೆ ದುಡ್ಡು ಹಾಕಿ ಎಂದು ಯಾವ ಅಜ್ಜಿಗೂ ಹೇಳಿಲ್ಲ. ಹೇಳಿದರೆ ಅದೇ ಹಲ್ಲಿನಲ್ಲಿ ಕಚ್ಚುತ್ತಾರೆ.

ಜೂನ್ 6, ಶುಕ್ರವಾರ

ನಾಣ್ಯ ಕೊಂಡೆ. ಒಂದೇ ಸಲ, ಇನ್ನು ಕೊಳ್ಳುವುದಿಲ್ಲ.

ಜೂನ್ 14, ಶನಿವಾರ

ಕೊಳ್ಳುವುದಿಲ್ಲ ಎಂದು ಬರೆದ ಪುಟದ ಮೇಲೆ ಯಾರೋ ಕಾಫಿ ಚೆಲ್ಲಿದ್ದಾರೆ. ಒಳ್ಳೆಯದೇ ಆಯಿತು.

ಈಗ ಪ್ರತಿ ಸ್ಟಾಪಿನಲ್ಲೂ ಜಾಹೀರಾತು. ಬಸ್ ನಿಂತ ತಕ್ಷಣ ತೆರೆಯ ತುಂಬ ಯಾರೋ ಹೆಂಗಸು ಶಾಂಪೂ ಹಚ್ಚಿಕೊಳ್ಳುತ್ತಾಳೆ, ಇಲ್ಲದಿದ್ದರೆ ಯಾರೋ ಗಂಡಸು ಸಾಲ ಕೊಡುತ್ತೇನೆ ಎಂದು ಹಲ್ಲು ಗಿಂಜುತ್ತಾನೆ. (ಅವನ ಕೆಳಗಿನ ಹಲ್ಲಿನ ಸಾಲು ಕಟ್ಟಿಸಿದ್ದು, ಕೆಲಸ ಚೆನ್ನಾಗಿಲ್ಲ.) ಅದನ್ನು ಮುಚ್ಚಲು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಅಡ್ಡಗುರುತು. ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ. ಸ್ವಲ್ಪ ಆಚೀಚೆ ಒತ್ತಿದರೆ ಸೀದಾ ಶಾಂಪೂ ಅಂಗಡಿಗೆ ಹೋಗುತ್ತದೆ. ಅಪ್ಪನ ಹೆಬ್ಬೆರಳಿಗೆ ಅದು ಸಾಧ್ಯವೇ ಇಲ್ಲ. ನಿನ್ನೆ ಟೀಚರಮ್ಮ ಬಂದು ನೋಡಿದಾಗ ಅವರು ಶಾಂಪೂ ಹೆಂಗಸಿಗೆ "ಅಮ್ಮಾ, ಹಿಂದೆ ಸರೀರಿ, ಜನ ಹತ್ಬೇಕು" ಎಂದು ಗೋಗರೆಯುತ್ತಿದ್ದರಂತೆ.

ಹಾಗಾಗಿ ಬೆಳಿಗ್ಗೆ ನಾನೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಸ್ಟಾಪ್ ಬಂದಾಗ ಕೈ ಚಾಚಿ ಅಡ್ಡಗುರುತು ಒತ್ತುವುದು, ಅಷ್ಟೇ ಕೆಲಸ. ಒತ್ತಿದ ಮೇಲೂ ಅಪ್ಪ ಹೊರಡಲಿಲ್ಲ. ಸುಮ್ಮನೆ ಮುಂದೆ ನೋಡುತ್ತ ಕೂತರು. ಯಾವುದಕ್ಕೆ ಕಾಯುತ್ತಿದ್ದಾರೆ ಎಂದು ತಿಳಿಯಲು ನನಗೆ ಎರಡು ನಿಮಿಷ ಬೇಕಾಯಿತು. ಕೊನೆಗೆ ಸಿಟ್ಟಿನಲ್ಲೇ "ರೈಟ್!" ಎಂದೆ. ಬಸ್ ಹೊರಟಿತು.

ಮುಂದಿನ ಸ್ಟಾಪಿನಲ್ಲಿ ನನ್ನ ಕಡೆ ತಿರುಗಿ, "ಹೊಸಬರಾ ಕಂಡಕ್ಟರಮ್ಮ? ಸ್ವಲ್ಪ ಜೋರಾಗಿ ಹೇಳಿ. ಹಿಂದಿನ ಬಾಗಿಲಿಗೂ ಕೇಳ್ಬೇಕು" ಎಂದರು.

ಸಂಜೆ ಹೊತ್ತಿಗೆ ಮಗಳು ಎಂಬುದು ನೆನಪಿತ್ತು. ಉಪ್ಪು ಕಮ್ಮಿ ಎಂದು ಬೈದರು.

ಜೂನ್ 23, ಸೋಮವಾರ

ಬಸ್ಸಿನ ಹಾರ್ನ್ ಕಿತ್ತುಕೊಂಡಿದ್ದಾರೆ. ಬೇಕಾದರೆ "ಅದೃಷ್ಟದ ಪೆಟ್ಟಿಗೆ" ಕೊಳ್ಳಬೇಕು. ಪೆಟ್ಟಿಗೆಯಲ್ಲಿ ಏನಿದೆ ಎಂದು ಒಡೆದ ಮೇಲೇ ಗೊತ್ತಾಗುವುದು. ಹಾರ್ನ್ ಇಲ್ಲದೆ ಅಪ್ಪ ಬಾಯಲ್ಲೇ ಪೋಂ ಪೋಂ ಎನ್ನುತ್ತಿದ್ದರು. ನೋಡಲಾಗಲಿಲ್ಲ. ಮೂರು ಪೆಟ್ಟಿಗೆ ಕೊಂಡೆ. ಒಂದರಲ್ಲಿ ಗುಲಾಬಿ ಬಣ್ಣದ ಸೀಟಿನ ಹೊದಿಕೆ. ಇನ್ನೊಂದರಲ್ಲೂ ಅದೇ ಹೊದಿಕೆ. ಮೂರನೆಯದರಲ್ಲಿ ಡ್ರೈವರನಿಗೆ ಒಂದು ಟೋಪಿ. ಟೋಪಿ ಹಾಕುವುದು ಎಂದು ಕೇಳಿದ್ದೆ, ಇಷ್ಟು ನೇರವಾಗಿ ಹಾಕುತ್ತಾರೆ ಎಂದು ಗೊತ್ತಿರಲಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಬಂದು ಸಂಜೆ ನಾಲ್ಕಕ್ಕೆ ಹೋಗಲು ನಮ್ಮ ಲ್ಯಾಬಿನ ಹಲ್ಲಿನ ಡಾಕ್ಟರ ಹತ್ತಿರ ಕೇಳಿಕೊಂಡೆ. "ಮನೇಲಿ ಏನಾದ್ರೂ ತೊಂದ್ರೆನಾ?" ಎಂದರು. ಡ್ಯೂಟಿ ಇದೆ ಎಂದೆ. ಬಾಯಿ ತಪ್ಪಿ ಬಂತು.

ಜುಲೈ 1, ಮಂಗಳವಾರ

ಆಟದವರ ದೂರು ವಿಭಾಗಕ್ಕೆ ಬರೆದೆ. ಅಲ್ಲಿ ಮನುಷ್ಯರಿಲ್ಲ. ನಗುವ ಬಸ್ಸಿನ ಚಿತ್ರ, ಅದಕ್ಕೆ "ಸಹಾಯಕಿ" ಎಂದು ಹೆಸರು.

ಹಾರ್ನ್ ಮೊದಲಿನಿಂದ ಇತ್ತು, ದುಡ್ಡು ಕೊಟ್ಟು ಕೊಂಡ ಆಟ, ವಾಪಸ್ ಕೊಡಿ ಎಂದು ಬರೆದೆ. "ನಿಮ್ಮ ಉತ್ಸಾಹಕ್ಕೆ ಧನ್ಯವಾದ! ಹಾರ್ನ್‌ಗಳು ಈಗ ಇನ್ನಷ್ಟು ರೋಚಕವಾಗಿವೆ!" ಎಂದಳು ಸಹಾಯಕಿ. ನಮ್ಮಪ್ಪನಿಗೆ ವಯಸ್ಸಾಗಿದೆ, ಅವರಿಗೆ ಇದು ಆಟವಲ್ಲ ಎಂದು ಬರೆದೆ. "ಎಲ್ಲಾ ವಯಸ್ಸಿನವರೂ ನಮ್ಮ ಆಟವನ್ನು ಆನಂದಿಸುತ್ತಾರೆ!" ಗೋಡೆಗೆ ಹೇಳಿದ್ದರೆ ಸುಮ್ಮನಾದರೂ ಇರುತ್ತಿತ್ತು.

ಆಟದ ಷರತ್ತುಗಳನ್ನು ನನ್ನ ತಮ್ಮ ಪೂರ್ತಿ ಓದಿದನಂತೆ. ಅದರಲ್ಲಿ ನೀವು ಆಟವನ್ನು ಕೊಂಡಿಲ್ಲ, ಬಳಸಲು ಅನುಮತಿ ಪಡೆದಿದ್ದೀರಿ ಅಷ್ಟೇ, ಅದನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎಂದು ಇದೆಯಂತೆ. ಮತ್ತೆ ಗುಂಡಿಯ ಮೇಲೆ "ಕೊಳ್ಳಿ" ಎಂದು ಯಾಕೆ ಬರೆದಿದ್ದರು? "ಅನುಮತಿ ಬೇಡಿ" ಎಂದು ಬರೆಯಬೇಕಿತ್ತು.

ಸಂಜೆ ಊಟಕ್ಕೆ ಬಡಿಸುವಾಗ ಅಪ್ಪ, "ಡ್ಯೂಟಿ ಮುಗೀತಲ್ಲ, ನೀವು ಮನೆಗೆ ಹೋಗಲ್ವಾ?" ಎಂದು ಕೇಳಿದರು. ಹೋಗುತ್ತೇನೆ ಎಂದು ಅಡುಗೆಮನೆಗೆ ಹೋದೆ. ನಾಳೆ ಎರಡು ಮೇಲಿನ ಸೆಟ್ ಕೊಡಬೇಕು, ಮೇಣ ಮುಗಿಯುತ್ತ ಬಂದಿದೆ.

ಜುಲೈ 9, ಬುಧವಾರ

ಒಂದು ಒಳ್ಳೆಯ ದಿನವನ್ನೂ ಬರೆದಿಡಬೇಕು.

ಹದಿನಾಲ್ಕನೇ ನಂಬರ್ ದಾರಿ ಮೂರು ದಿನ ಉಚಿತ ಎಂದು ತೆರೆಯ ಮೇಲೆ ಬಂತು. ಊರಾಚೆಗೆ, ಕೆರೆಯ ದಂಡೆಯ ಮೇಲೆ ಹೋಗುವ ದಾರಿ. ಆ ನಂಬರ್ ನೋಡಿದ ಕೂಡಲೇ ಅಪ್ಪ ನೆಟ್ಟಗೆ ಕೂತರು. ಅವರು ಮೊದಲ ಒಂಬತ್ತು ವರ್ಷ ಓಡಿಸಿದ್ದೂ ಹದಿನಾಲ್ಕನೇ ನಂಬರೇ. ಅದರಲ್ಲೂ ಒಂದು ಕೆರೆ ಇತ್ತು. ಆಟ ಮಾಡಿದವನಿಗೆ ಅದೆಲ್ಲ ಎಲ್ಲಿ ಗೊತ್ತು? ಎಲ್ಲ ಊರಲ್ಲೂ ಒಂದು ಕೆರೆ, ಒಂದು ತಿರುವು ಇದ್ದೇ ಇರುತ್ತದೆ.

ತಿರುವು ಬಂದಾಗ ಟ್ಯಾಬನ್ನು ಹಗುರವಾಗಿ ವಾಲಿಸಿದರು. ಬಸ್ ತೆವಳತೊಡಗಿತು. "ಇಲ್ಲಿ ನಿಧಾನ ಕಂಡಕ್ಟರಮ್ಮ. ಬೆಳಿಗ್ಗೆ ಹೊತ್ತು ನೀರಿನ ಬೆಳಕು ಸೀದಾ ಕಣ್ಣಿಗೆ ಹೊಡೆಯತ್ತೆ. ಎದುರುಗಡೆ ಬರೋದು ಒಂದು ಚೂರೂ ಕಾಣಲ್ಲ. ಹೊಸಬ್ರು ಇಲ್ಲೇ ಎಡವೋದು."

"ನಿಮಗೆ ಹ್ಯಾಗೆ ಗೊತ್ತಾಯ್ತು?"

"ಒಂದಿನ ಕಣ್ಮುಚ್ಚಿದ ಹಾಗಾಯ್ತು. ಏನೂ ಆಗ್ಲಿಲ್ಲ. ಆದ್ರೆ ಆಗ್ಬಹುದಿತ್ತು. ಅವತ್ತು ಮನೆಗೆ ಹೋಗಿ ಮಗಳ್ನ ಎತ್ಕೊಂಡು ಕೂತ್ಬಿಟ್ಟೆ. ಯಾಕೆ ಅಂತ ಅವಳಿಗೆ ಹೇಳ್ಲಿಲ್ಲ. ಸಣ್ಣೋಳು."

ಆ ದಿನ ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಕೊನೆಯ ಸ್ಟಾಪಿನಲ್ಲಿ ಬಿಸ್ಕತ್ತು ಮುರಿದು ಅರ್ಧ ನನಗೆ ಕೊಟ್ಟರು. ಇವತ್ತು ನಾವು ಎರಡು ಟ್ರಿಪ್ ಹೊಡೆದೆವು, ಎರಡರಲ್ಲೂ ಒಂದು ನಿಮಿಷವೂ ಲೇಟಾಗಲಿಲ್ಲ.

ಜುಲೈ 12, ಶನಿವಾರ

ಮೂರು ದಿನ ಮುಗಿಯಿತು, ಹದಿನಾಲ್ಕಕ್ಕೆ ಬೀಗ ಬಿತ್ತು. ರುಚಿ ತೋರಿಸಿ ತಟ್ಟೆ ಕಿತ್ತುಕೊಳ್ಳುವ ಬುದ್ಧಿ. ತೊಂಬತ್ತು ದಿನದ ಚಿನ್ನದ ಪಾಸ್ ಕೊಂಡರೆ ದಾರಿ, ಡೀಸೆಲ್, ಹಾರ್ನ್ ಎಲ್ಲ ಸಿಗುತ್ತದೆ. ಕೊಂಡೆ. ಬಯ್ಯುತ್ತಲೇ ಕೊಂಡೆ. ನನ್ನ ಹೊಸ ಕನ್ನಡಕ ಮುಂದಿನ ತಿಂಗಳಿಗೆ ಹೋಯಿತು.

ಹಾರ್ನ್ ಬಂದಾಗ ಅಪ್ಪನ ಮುಖ ನೋಡಬೇಕಿತ್ತು.

ಜುಲೈ 18, ಶುಕ್ರವಾರ

ಇವತ್ತು ಒಂದು ಹಲ್ಲನ್ನು ತಲೆಕೆಳಗಾಗಿ ಕೂರಿಸಿದೆ.

ಬೆಳಿಗ್ಗೆ ಆಟ ತೆರೆದಾಗ ಬಸ್ಸಿನ ಮೊದಲು ಒಂದು ಪತ್ರ ಬಂತು. ನಾನು ಚಹಾ ಸೋಸುತ್ತಿದ್ದೆ. ಅಪ್ಪ ಗಟ್ಟಿಯಾಗಿ ಓದುವುದು ಕೇಳಿಸಿತು. ಅಕ್ಷರ ಅಕ್ಷರ ಬಿಡಿಸಿ ಓದುತ್ತಿದ್ದರು.

"ಪ್ರಿಯ ಚಾಲಕರೇ, ಜುಲೈ 31ರಂದು ಸೇವೆಯನ್ನು ಕೊನೆಗೊಳಿಸಲಾಗುತ್ತಿದೆ. ಬಾಕಿ ಇರುವ ಯಾವುದೇ ಮೊತ್ತ ಹಿಂದಿರುಗಿಸಲಾಗುವುದಿಲ್ಲ. ಇದುವರೆಗಿನ ಪಯಣಕ್ಕೆ ಧನ್ಯವಾದ."

ಸೇವೆ ಎಂದರೆ ಅವರ ಯಂತ್ರದ ಸೇವೆ. ಆಟ ನಿಲ್ಲಿಸುತ್ತಿದ್ದಾರೆ, ಎರಡನೇ ಭಾಗ ಮಾರುತ್ತಾರಂತೆ. ಆದರೆ ಮೂವತ್ತೊಂದು ವರ್ಷ ಸೇವೆ ಮಾಡಿದ ಡ್ರೈವರ್ ಆ ಮಾತನ್ನು ಬೇರೆ ಹೇಗೆ ಓದಬೇಕು?

"ನನ್ನ ತೆಗೆದ್ರು" ಎಂದರು ಅಪ್ಪ. "ಪಿಂಚಣಿನೂ ಇಲ್ವಂತೆ. ಏನು ತಪ್ಪು ಮಾಡ್ದೆ ಅಂತನೂ ಬರ್ದಿಲ್ಲ."

"ಅಪ್ಪಾ, ನಿಮ್ಮದಲ್ಲ, ಇದು ಆಟದ್ದು" ಎಂದೆ. ಗೋಡೆಯ ಗಡಿಯಾರ ತೋರಿಸಿದೆ. ನೋಡಿ, ನಿಮ್ಮ ಹೆಸರೇ ಬರೆದಿದೆ, ನೀವು ಮರ್ಯಾದೆಯಿಂದ ನಿವೃತ್ತಿ ಆಗಿದ್ದೀರಿ ಎಂದೆ. ಅದನ್ನು ಬಹಳ ಹೊತ್ತು ನೋಡಿದರು. "ಪಾಪ, ಯಾರೋ ಪುಣ್ಯಾತ್ಮ" ಎಂದರು.

ಆಮೇಲೆ ಅಂಗಿಯ ಗುಂಡಿ ಸರಿಮಾಡಿಕೊಂಡು ಟ್ಯಾಬ್ ಎತ್ತಿಕೊಂಡರು. "ಮೂವತ್ತೊಂದನೇ ತಾರೀಖಿನ ತನಕ ಗಾಡಿ ಓಡ್ಸಲೇಬೇಕಲ್ಲ. ರೈಟ್ ಹೇಳಿ."

ಹೇಳಿದೆ.

ಜುಲೈ 20, ಭಾನುವಾರ

ತಮ್ಮ ಬಂದಿದ್ದ. ಬೇರೆ ಕಂಪನಿಯ ಬಸ್ ಆಟ ಹಾಕಿ ನೋಡಿದ. ಅಪ್ಪ ಎರಡು ನಿಮಿಷ ಹಿಡಿದು ಮೇಜಿನ ಮೇಲೆ ಇಟ್ಟರು. "ಇದು ಬೇರೆ ಡಿಪೋ ಗಾಡಿ. ಇಲ್ಲದ ತಂಟೆಗೆ ನನ್ನ ಸಿಕ್ಕಿಸ್ಬೇಡಪ್ಪ." ಎರಡನೇ ಭಾಗಕ್ಕೆ ಹೊಸ ಟ್ಯಾಬ್ ಬೇಕಂತೆ, ಅದರಲ್ಲಿ ಬಸ್ಸೇ ಇಲ್ಲವಂತೆ, ಬರೀ ರೇಸ್ ಕಾರು.

ಸಹಾಯಕಿಗೆ ಮತ್ತೆ ಬರೆದೆ. ಪಾಸಿನ ದುಡ್ಡು ಬೇಡ, ಏನೂ ಬೇಡ, ಆ ಪತ್ರದಲ್ಲಿ ಒಂದು ಸಾಲು ಬದಲಾಯಿಸಿ. ಚಾಲಕರ ತಪ್ಪಿಲ್ಲ ಎಂದು ಒಂದು ಸಾಲು ಸೇರಿಸಿ ಸಾಕು. ಕೈ ಮುಗಿಯುತ್ತೇನೆ ಎಂದೂ ಬರೆದೆ.

"ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ!"

ನನಗೆ ಕೂಗಾಡಲೂ ಆಗಲಿಲ್ಲ. ಯಾರ ಮೇಲೆ ಕೂಗಾಡುವುದು?

ಜುಲೈ 31, ಗುರುವಾರ

ರಜೆ ಹಾಕಿದೆ. ಇಡೀ ದಿನ ಹದಿನಾಲ್ಕನೇ ನಂಬರ್. ಏಳು ಟ್ರಿಪ್. ಕೊನೆಯ ಟ್ರಿಪ್ ಮುಗಿಸಿ ಅಪ್ಪ ಕರ್ಚೀಫಿನಿಂದ ತೆರೆಯನ್ನು ಒರೆಸಿಟ್ಟರು, ಮುಂದೆ ಬರುವ ಡ್ರೈವರನಿಗೆ ಗಾಜು ಶುಭ್ರವಾಗಿರಲಿ ಎಂದು.

ಆಗಸ್ಟ್ 1, ಶುಕ್ರವಾರ

ಟ್ಯಾಬ್ ತೆರೆದರೆ ಆ ಪತ್ರ ಮಾತ್ರ. "ಕೊನೆಗೊಳಿಸಲಾಗುತ್ತಿದೆ" ಎಂಬುದು "ಕೊನೆಗೊಳಿಸಲಾಗಿದೆ" ಆಗಿದೆ. ಕೈ ಮುಗಿದರೂ ಒಂದು ಸಾಲು ಬದಲಾಯಿಸದವರು ಇದನ್ನು ಬದಲಾಯಿಸಿದ್ದಾರೆ.

ಅಪ್ಪ ಖಾಕಿ ಅಂಗಿ ಹಾಕಿ, ಶೂ ಹಾಕಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾರೆ. ವಿಚಾರಣೆಗೆ ಕರೆಯುತ್ತಾರಂತೆ. ಊಟ ಮುಟ್ಟಲಿಲ್ಲ. "ಕೆರೆ ತಿರುವಲ್ಲಿ ಏನಾದ್ರೂ ಆಯ್ತಾ? ನೀವು ಹಿಂದೆ ಇದ್ರಲ್ಲ, ನಿಜ ಹೇಳಿ. ಯಾರಿಗಾದ್ರೂ ತಗುಲ್ತಾ?" ಎಂದು ಹತ್ತು ಸಲ ಕೇಳಿದರು. ಇಲ್ಲ ಎಂದು ಹತ್ತು ಸಲ ಹೇಳಿದೆ.

ಆಗಸ್ಟ್ 4, ಸೋಮವಾರ

ನಾಲ್ಕನೇ ದಿನ. ಟೀಚರಮ್ಮ ಕೂತು ತಿನ್ನಿಸಿದರೂ ಎರಡು ತುತ್ತು. ಎಂದೂ ಆಗದ ಅಪಘಾತವನ್ನು ತಲೆಯೊಳಗೆ ಹುಡುಕುತ್ತಿದ್ದಾರೆ, ಹುಡುಕಿದರೆ ಸಿಕ್ಕೇಬಿಡುತ್ತದೆ ಎಂಬ ಭಯ ನನಗೆ.

ಲ್ಯಾಬಿನ ಕಂಪ್ಯೂಟರಿನಲ್ಲಿ ನಾನೇ ಒಂದು ಪತ್ರ ತಯಾರಿಸಿದೆ. "ಕಳಂಕವಿಲ್ಲದ ಮೂವತ್ತೊಂದು ವರ್ಷದ ಸೇವೆಯನ್ನು ಮೆಚ್ಚಿ ಗೌರವದಿಂದ ಬೀಳ್ಕೊಡಲಾಗಿದೆ" ಇತ್ಯಾದಿ. ಸಹಿಯನ್ನೂ ನಾನೇ ಮಾಡಿದೆ. ಸಹಿಯ ಮೇಲೆ ದುಂಡು ಮೊಹರು ಇರಬೇಕಲ್ಲ, ಕೈಗೆ ಸಿಕ್ಕಿದ್ದನ್ನು ಒತ್ತಿದೆ.

ಅಪ್ಪ ಭೂತಗನ್ನಡಿ ಹಿಡಿದು ಎರಡು ಸಲ ಓದಿದರು. ಮೊಹರಿನ ಮೇಲೆ ಕಣ್ಣು ನಿಂತಿತು.

"ಪತ್ರದ ನಂಬರಿಲ್ಲ, ತಾರೀಖಿಲ್ಲ. ಅದೂ ಹೋಗ್ಲಿ. ನನ್ನ ಸೇವೆಗೆ ಹಲ್ಲಿನ ಡಾಕ್ಟ್ರು ಯಾಕಮ್ಮ ಸರ್ಟಿಫಿಕೇಟ್ ಕೊಡ್ತಾರೆ?"

ನಾನು ನಕ್ಕೆ. ನಗು ನಿಲ್ಲಲಿಲ್ಲ, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅಪ್ಪ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಅಳ್ಬೇಡಿ. ನಿಮ್ಮನ್ನೂ ತೆಗೆದ್ರಾ?"

ಹೂಂ ಎಂದೆ. ಯಾಕೆ ಹೇಳಿದೆನೋ.

ಆಗಸ್ಟ್ 5, ಮಂಗಳವಾರ

ಬೆಳಿಗ್ಗೆ ಏಳುವಷ್ಟರಲ್ಲಿ ಅಪ್ಪ ಮೇಜಿನ ಮುಂದೆ ಕಾಗದ ಪೆನ್ನು ಹಿಡಿದು ಕೂತಿದ್ದರು.

"ನಿಮ್ಮ ಹೆಸರೇನು?" ಎಂದು ಕೇಳಿದರು. "ಮೇಲಿನವ್ರಿಗೆ ಬರೀತಿದೀನಿ."

ನನ್ನ ಹೆಸರು ಹೇಳಿದೆ.

ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನನ್ನ ಮಗಳ್ದೂ ಅದೇ ಹೆಸ್ರು. ಅವಳಿಗೆ ಸಿಡುಕು ಜಾಸ್ತಿ. ನಿಮ್ಮಷ್ಟು ತಾಳ್ಮೆ ಇಲ್ಲ. ಒಳ್ಳೇ ಹುಡುಗಿನೇ ಆದ್ರೂ."

ಬರೆದು ಮುಗಿಸಿ ನನ್ನ ಕೈಗೆ ಕೊಟ್ಟರು. ಅಕ್ಷರ ಅಂಕುಡೊಂಕಾಗಿದೆ, ಒಂದು ತಪ್ಪಿಲ್ಲ. ಇಲ್ಲಿ ಇಳಿಸಿಕೊಳ್ಳುತ್ತೇನೆ.

"ಮಾನ್ಯರೇ, ನನ್ನನ್ನು ಸೇವೆಯಿಂದ ತೆಗೆದಿರುವುದು ತಿಳಿಯಿತು. ಕಾರಣ ಕೇಳುವುದಿಲ್ಲ. ಏನಾದರೂ ತಪ್ಪಾಗಿದ್ದರೆ ಅದು ಗಾಡಿ ಓಡಿಸಿದ ನನ್ನದು. ಕಂಡಕ್ಟರಮ್ಮ ಹೊಸಬರು. ಪ್ರಯಾಣಿಕರ ಮೇಲೆ ಒಂದು ದಿನವೂ ರೇಗಿದವರಲ್ಲ. ಬಾಗಿಲು ನೋಡದೆ ರೈಟ್ ಹೇಳಿದವರಲ್ಲ. ನನ್ನ ಕಾರಣಕ್ಕೆ ಅವರ ಅನ್ನ ಕಿತ್ತುಕೊಳ್ಳಬೇಡಿ. ಅವರನ್ನು ಹದಿನಾಲ್ಕನೇ ನಂಬರಿಗೇ ವಾಪಸ್ ಹಾಕಿಕೊಳ್ಳಬೇಕೆಂದು ಪ್ರಾರ್ಥನೆ."

ಯಾವ ವಿಳಾಸಕ್ಕೆ ಹಾಕುವುದು? ಲ್ಯಾಬಿಗೆ ಬಂದು ಫೋಟೋ ತೆಗೆದು ಸಹಾಯಕಿಗೆ ಕಳಿಸಿದೆ. ಅವಳು ಓದಲಿ ಎಂದೇನಲ್ಲ. ಎಲ್ಲಿಗಾದರೂ ಹೋಗಲಿ ಎಂದು.

ಆಗಸ್ಟ್ 7, ಗುರುವಾರ

ಉತ್ತರ ಬಂದಿದೆ. "ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಗುರುತಿಸಲಾಗಿದೆ. ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?"

ಅಪ್ಪ ಸ್ಟೂಲಿನ ಮೇಲಿದ್ದರು. ಶೂ ಹಾಕಿದ್ದರು. ನನ್ನ ಕೈಯಲ್ಲಿ ಫೋನ್ ನೋಡಿ, "ಏನಾದ್ರೂ ಬಂತಾ ಮೇಲಿನವ್ರಿಂದ?" ಎಂದರು.

"ಬಂತು."

"ಏನಂತೆ?"

"ನನ್ನ ವಾಪಸ್ ತಗೊಂಡ್ರು. ಹದಿನಾಲ್ಕಕ್ಕೇ."

"ಸದ್ಯ" ಎಂದರು. ದೊಡ್ಡ ಉಸಿರು ಬಿಟ್ಟರು. ತಮ್ಮ ಸ್ವಂತ ಕೆಲಸದ ವಿಷಯ ಕೇಳಲೇ ಇಲ್ಲ. ಬಗ್ಗಿ ಒಂದೊಂದಾಗಿ ಶೂ ಬಿಚ್ಚಿದರು, ಖಾಕಿ ಅಂಗಿ ತೆಗೆದು ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟರು. ಬನಿಯನ್ನಿನಲ್ಲಿ ಎಷ್ಟು ಸಣ್ಣ ಕಾಣಿಸಿದರು. ಮೇಜಿಗೆ ಬಂದು ಕೂತು, ತಟ್ಟೆ ಹತ್ತಿರ ಎಳೆದುಕೊಂಡು ತಿನ್ನತೊಡಗಿದರು.

ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಗಡಿಯಾರ ನೋಡಿ, "ಹೊರಡಿ, ಡ್ಯೂಟಿಗೆ ಲೇಟ್ ಮಾಡ್ಬೇಡಿ" ಎಂದರು. ಬಾಗಿಲ ತನಕ ಬಂದಿದ್ದೆ, ಮತ್ತೆ ಕರೆದರು.

"ಡ್ರೈವರ್ ಯಾರಂತೆ?"

"ಯಾರೋ ಹೊಸಬ್ರು."

"ಕೆರೆ ತಿರುವಲ್ಲಿ ನಿಧಾನ ಅಂತ ಹೇಳಿ ಅವ್ರಿಗೆ."

ಹೇಳ್ತೀನಿ ಎಂದೆ.